ಅಜ್ಜಿ ಕಾದಿರಿಸಿದ ಮೊಣಕಾಲು ನೋವು

ಎರಡನೇ ಸಲವೂ ಮೆಡಿಕಲ್ ಸೀಟು ತಪ್ಪಿದ ವರ್ಷ ಉಜಿರೆಯ ಕಾಲೇಜಿನಲ್ಲಿ ಬಿಎಸ್ಸಿ ಅರ್ಜಿ ತುಂಬಿಸಲು ಕೂತೆ. ಮೂರನೇ ಸಲ ಪರೀಕ್ಷೆ ಬರೆಯಲು ಅನುಕೂಲವಾಗುವಂತೆ ಪ್ರಾಣಿಶಾಸ್ತ್ರವನ್ನೇ ತೆಗೆದುಕೊಳ್ಳಬೇಕೆಂದು ಮನೆಯವರೆಲ್ಲ ಹೇಳಿ ಕಳಿಸಿದ್ದರು. ಅಜ್ಜಿಯಂತೂ ತನ್ನ ಮೊಣಕಾಲು ನೋವನ್ನು ಯಾವ ಡಾಕ್ಟರಿಗೂ ತೋರಿಸದೆ ನನಗೆಂದೇ ಇಟ್ಟುಕೊಂಡಿದ್ದರು. ಬೇರೆಯವರಿಗೆ ತೋರಿಸಿದರೆ ನನ್ನ ಸೀಟಿಗೆ ಅಪಶಕುನವಂತೆ. ನನಗೆ ಓದಿ ಓದಿ ಸಾಕಾಗಿತ್ತು. ಗಣಿತ ಎಂದು ಬರೆದುಬಿಟ್ಟೆ. ಮೆಡಿಕಲ್ ಆಸೆ ಅಲ್ಲಿಗೆ ಮುಗಿಯಿತು.

ಮಡಂತ್ಯಾರಿನ ಮನೆಗೆ ಬಂದಾಗ ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು.

“ಅಜ್ಜಿ, ನಾಳೆ ಬೆಳ್ತಂಗಡಿಗೆ ಹೋಗುವ. ಡಾಕ್ಟರಿಗೆ ಕಾಲು ತೋರಿಸುವ.”

ಅಜ್ಜಿ ಮೊಣಕಾಲು ನೀವಿಕೊಂಡರು.

“ಮೊದಲೇ ಹೇಳ್ಬಾರ್ದಿತ್ತಾ ಮಾರಾಯ್ತಿ? ಎರಡು ವರ್ಷದಿಂದ ನನಗೆ ಸರಿಯಾಗಿ ನಿದ್ದೆಯೇ ಇಲ್ಲ. ಬೆಳಗ್ಗಿನ ಬಸ್ಸಿಗೇ ಹೋಗುವ.”