ರಾಗಿ ಕಣಕ್ಕೆ ಕಟ್ಟಿಕೊಂಡ ಮಾಸ್ಕು

ಬಾಳ್ಳುಪೇಟೆಯಿಂದ ಆಲೂರು ಕಡೆಗೆ ಸ್ವಲ್ಪ ಒಳಗೆ ಬಂದರೆ ನಮ್ಮ ಹಳ್ಳಿ. ಇಳಿಜಾರಿನಲ್ಲಿ ಒಂದಿಷ್ಟು ಕಾಫಿ, ಮೇಲಿನ ಹೊಲದಲ್ಲಿ ಮನೆ ಊಟಕ್ಕಾಗುವಷ್ಟು ರಾಗಿ. ಮನೆಯಲ್ಲಿ ಅತ್ತೆ, ಯಜಮಾನರು, ನಾನು. ರಾಗಿ ಬಡಿಯುವ ಮಿಷನ್ ಬಂದ ದಿನ ಆಳು ಸಿಗುವುದಿಲ್ಲ. ತೆನೆ ಎತ್ತಿಕೊಡುವುದು, ಹೊಟ್ಟು ಎಳೆಯುವುದು, ಕೊನೆಗೆ ಮೊರ ಹಿಡಿದು ತೂರುವುದು ನನ್ನ ಪಾಲಿನ ಕೆಲಸ.

ಹೋದ ವರ್ಷ ಆ ಕೆಲಸ ಮುಗಿದ ಸಂಜೆ ದಮ್ಮು ಹಿಡಿಯಿತು. ದೀಪ ಹಚ್ಚಿ ದೇವರ ಮುಂದೆ ನಿಂತರೆ ಒಂದು ಸಾಲು ಹೇಳಿಕೊಳ್ಳುವಷ್ಟು ಗಾಳಿಯೂ ಎದೆಯಲ್ಲಿರಲಿಲ್ಲ. ಸಕಲೇಶಪುರದ ಆಸ್ಪತ್ರೆಯಲ್ಲಿ ಹಬೆ ಹಿಡಿಸಿ ಉಳಿಸಿದರು. "ಇನ್ನೊಂದ್ಸಲ ಹಿಂಗಾದ್ರೆ ಕಣದ ಆಸೆ ಬಿಟ್ಬಿಡಿ. ಹೋಗ್ಲೇಬೇಕು ಅಂದ್ರೆ ಒಳ್ಳೆ ಮಾಸ್ಕ್ ಹಾಕ್ಕೊಂಡು ಹೋಗಿ" ಎಂದರು ಡಾಕ್ಟರು. ಆಸ್ಪತ್ರೆ ಮಂಚದ ಮೇಲೆ ನನಗೆ ಸಾಯುವ ಭಯಕ್ಕಿಂತ ಬೇರೆಯೇ ಒಂದು ಭಯವಿತ್ತು. ವರ್ಷಕ್ಕೊಮ್ಮೆ ಕಣಕ್ಕೆ ಬರುವ ಲಕ್ಷ್ಮಿಯನ್ನು ಇನ್ನು ಮೇಲೆ ಕಿಟಕಿಯಿಂದ ನೋಡುವ ಹಾಗಾದರೆ?

ಈ ವರ್ಷ ರಾಗಿ ಮೆದೆ ಹಾಕುತ್ತಿದ್ದ ಹಾಗೆಯೇ ಬಾಳ್ಳುಪೇಟೆಯ ಅಂಗಡಿಗೆ ಹೋದೆ. ಒಂದು ಸಲ ಹಾಕಿ ಎಸೆಯುವ ನೀಲಿ ಮಾಸ್ಕು ಬೇಡವೆಂದು ಮೊದಲೇ ಗಟ್ಟಿಮಾಡಿಕೊಂಡಿದ್ದೆ. ಬೆವರಿಗೆ ಅದು ಒದ್ದೆ ಹಪ್ಪಳವಾಗಿಬಿಡುತ್ತದೆ. ಒಗೆದು ಮತ್ತೆ ಹಾಕುವಂಥದ್ದು ಕೇಳಿದೆ. ಅಂಗಡಿಯವನು ಒಂದು ರಾಶಿಯನ್ನೇ ಸುರಿದ.

"ಅಕ್ಕ, ಈ ಕಪ್ಪು ಸ್ಪಂಜಿಂದು ತಗಳಿ. ಬೈಕ್ ಹುಡುಗ್ರೆಲ್ಲ ಇದ್ನೇ ಹಾಕದು."

"ನಾನು ಬೈಕ್ ಓಡ್ಸಕ್ಕೆ ಹೊಂಟಿಲ್ಲ ಕಣಪ್ಪ. ರಾಗಿ ತೂರಕ್ಕೆ."

"ಹಂಗಾರೆ ಈ ದಪ್ಪದ್ದು ತಗಳಿ. ಧೂಳಿರ್ಲಿ, ನಿಮ್ಮೆಜಮಾನ್ರ ಬೈಗುಳಾನೂ ಒಳಕ್ಕೆ ಬರಕಿಲ್ಲ!"

ನಗುತ್ತಾ ಸ್ಪಂಜಿನದು, ದಪ್ಪ ಬಟ್ಟೆಯದು, ಮೂರು ಪದರದ ಹತ್ತಿಯದು, ಎಲ್ಲವನ್ನೂ ತಂದೆ.

ಎಳೆಗೂಸಿಗೆ ರಾಗಿ ಸರಿ ಮಾಡುವಾಗ ಹಿಟ್ಟನ್ನು ತೆಳು ಬಟ್ಟೆಯಲ್ಲಿ ಜಾಲಿಸುವುದು ನಮ್ಮ ಕಡೆಯ ರೂಢಿ. ಮಾಸ್ಕುಗಳನ್ನೂ ನಾನು ಹಾಗೆಯೇ ಪರೀಕ್ಷೆ ಮಾಡಿದೆ. ಒಂದೊಂದರಲ್ಲೂ ನುಣ್ಣನೆಯ ಹಿಟ್ಟು ಹಾಕಿ ತಟ್ಟೆಯ ಮೇಲೆ ಅಲ್ಲಾಡಿಸಿದೆ. ಸ್ಪಂಜಿನಿಂದ ಹಿಟ್ಟು ಜರಡಿಯಿಂದ ಬಿದ್ದ ಹಾಗೆ ಬಿತ್ತು. ಹತ್ತಿಯದರಿಂದ ಕಂಡೂ ಕಾಣದಷ್ಟು. ದಪ್ಪದ್ದರಿಂದ ಒಂದು ಕಣವೂ ಇಲ್ಲ. ದೇವರೇ ತೋರಿಸಿಕೊಟ್ಟ ಎಂದು ದಪ್ಪದ್ದನ್ನು ಕಣ್ಣಿಗೊತ್ತಿಕೊಂಡೆ.

ಮಿಷನ್ ಬರುವ ಮೊದಲು ಕಣ ಗುಡಿಸುವ ದಿನ ಅದನ್ನೇ ಕಟ್ಟಿದೆ. ಪೊರಕೆ ಹಿಡಿದು ಅರ್ಧ ಕಣ ಗುಡಿಸುವಷ್ಟರಲ್ಲಿ ಬಾವಿಯೊಳಗೆ ಇಳಿದಂತಾಯಿತು. ಎಷ್ಟು ಎಳೆದರೂ ಗಾಳಿ ಸಾಲದು. ಕನ್ನಡಕವೆಲ್ಲ ಮಂಜು. ಕಿತ್ತು ತೆಗೆದು ಕಲ್ಲಿನ ಮೇಲೆ ಕೂತೆ. ಯಜಮಾನರು ಹತ್ತಿರ ಬಂದವರು ಹೆದರುವ ಬದಲು ನಗತೊಡಗಿದರು.

"ಲೇ, ಯಾವಾಗ್ಲೇ ಮೀಸೆ ಬುಟ್ಟೆ?"

ಕನ್ನಡಕ ಒರೆಸಿಕೊಂಡು ಒಳಗೆ ಹೋಗಿ ಕನ್ನಡಿ ನೋಡಿದೆ. ಮೂಗಿನ ಎರಡೂ ಪಕ್ಕದಿಂದ ಕೆನ್ನೆಯವರೆಗೆ ಧೂಳಿನ ಕಪ್ಪು ಗೆರೆ. ಬಟ್ಟೆಯ ಮೂಲಕ ಗಾಳಿ ಬರಲಾಗದೆ ಸಂದಿನಿಂದ ನುಗ್ಗಿತ್ತು. ಜೊತೆಗೆ ಧೂಳೂ. ಜರಡಿ ಉಸಿರಾಡುವುದಿಲ್ಲ, ಅದಕ್ಕೆ ಕೆನ್ನೆಯೂ ಇಲ್ಲ. ಇಷ್ಟು ಸಣ್ಣ ವಿಷಯ ನನಗೆ ಹೊಳೆದಿರಲಿಲ್ಲ.

ಮಾರನೆಯ ದಿನ ಹತ್ತಿಯದನ್ನು ಹಾಕಿಕೊಂಡೆ. ಕಿವಿಗೆ ಸಿಕ್ಕಿಸುವ ದಾರ ಓಲೆಗೆ ತೊಡರುತ್ತಿತ್ತು. ಅದನ್ನು ಬಿಚ್ಚಿ ತಲೆಯ ಹಿಂದೆ ಕಟ್ಟುವ ಹಾಗೆ ಲಾಡಿ ಹೊಲಿದೆ. ಮೂಗಿನ ಮೇಲಿನ ತಂತಿಯನ್ನು ಬೆರಳಿನಿಂದ ಒತ್ತಿ ಕೂರಿಸಿ, ಕೆನ್ನೆಯ ಅಂಚಿಗೆ ಅಂಗೈ ಹಿಡಿದು ಉಸಿರು ಬಿಟ್ಟೆ. ಅಂಗೈಗೆ ಗಾಳಿ ತಾಗಲಿಲ್ಲ. ಕನ್ನಡಕವೂ ಮಂಜಾಗಲಿಲ್ಲ. ಕೆಳಗಿನ ತೋಟದಿಂದ ಮನೆಯವರೆಗೆ ಏರು ಹತ್ತಿ ಬಂದೆ, ಎಲ್ಲೂ ಬಿಚ್ಚಬೇಕೆನಿಸಲಿಲ್ಲ. ಬೆವರಿಗೆ ಒದ್ದೆಯಾದರೆ ಬದಲಾಯಿಸಲು ಅಂಥದ್ದೇ ಇನ್ನೊಂದನ್ನು ತರಿಸಿದೆ.

ಮಿಷನ್ ಬಂತು. ಹೊಟ್ಟಿನ ಧೂಳು ಬಿಸಿಲಿನಲ್ಲಿ ಎದ್ದು ನಿಂತಿತು. ಕಣದ ತುಂಬ ಹೊಂಬಣ್ಣದ ಹೊಗೆ, ಯಜಮಾನರು ಅದರೊಳಗೆ ನೆರಳಿನ ಹಾಗೆ. ಇಷ್ಟು ವರ್ಷ ಇದೆಲ್ಲವನ್ನೂ ಕುಡಿದು ಬದುಕಿದ್ದೆನಲ್ಲ, ಈ ಎದೆಯನ್ನು ಕಾದವನು ಎಂಥವನಿರಬೇಕು! ದಮ್ಮಿನ ಪಂಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಇದ್ದೆ. ದೇವರ ಮೇಲೆ ಭಾರ ಹಾಕಿದರೂ ಡಾಕ್ಟರ ಮಾತು ಮೀರುವ ಧೈರ್ಯವಿರಲಿಲ್ಲ.

ಮಧ್ಯಾಹ್ನ ಇಳಿದ ಮೇಲೆ ಮೊರ ಹಿಡಿದು ತೂರಲು ನಿಂತೆ. ಕಣದ ಅಂಚಿನಲ್ಲಿ ಕೂತಿದ್ದ ಅತ್ತೆ ಎದ್ದು ಬಂದರು.

"ಅದ್ನ ತಗ್ದು ನಿಂತ್ಕಳವ್ವ. ಲಕ್ಷ್ಮಿ ಮುಂದೆ ಯಾರಾರ ಮೂಗು ಮುಚ್ಕತಾರಾ? ವಾಸ್ನೆ ಬತ್ತದೆ ಅಂದಂಗೆ ಆಗ್ತದೆ."

ಅದು ನನಗೂ ಚುಚ್ಚಿತು. ಕಣಕ್ಕೆ ಚಪ್ಪಲಿ ಹಾಕಿ ಬಾರದವರು ನಾವು. ಕೈ ಲಾಡಿಯ ಗಂಟಿನವರೆಗೆ ಹೋಯಿತು. ಆದರೆ ಹೋದ ವರ್ಷದ ಸಂಜೆ ಎದೆಯಲ್ಲೇ ಕೂತಿತ್ತು.

"ಅತ್ತೆ, ತಗ್ದ್ರೆ ಮುಂದಿನ ವರ್ಷ ಲಕ್ಷ್ಮಿ ಮುಂದೆ ನಿಂತ್ಕಳಕ್ಕೆ ನಾನೇ ಇರಕಿಲ್ವೇನೋ."

ಅತ್ತೆ ರಾಶಿಯ ಕಡೆ ತಿರುಗಿ, "ತಾಯಿ, ಇವ್ಳಿಗೆ ದಮ್ಮೈತೆ, ತೆಪ್ಪು ತಿಳ್ಕಬ್ಯಾಡ" ಎಂದು ಕೈಮುಗಿದರು. ನನ್ನ ಕಡೆ ತಿರುಗಿ, "ತೂರ್ತಾ ಹಾಡಾರ ಹೇಳ್ಕ. ಆ ಬಟ್ಟೆವಳಗಿಂದ ದೇವ್ರಿಗೆ ಏನ್ ಕೇಳಿಸ್ತದೋ!" ಎಂದರು.

"ಮನ್ಸಲ್ಲಿ ಹೇಳ್ಕಂಡಿದ್ದೇ ಕೇಳ್ಸುತ್ತಂತೆ, ಇದು ಕೇಳ್ಸಕಿಲ್ವಾ ಅತ್ತೆ?"

"ಬಾಯಿಗೆ ಬಟ್ಟೆ ಕಟ್ಟಿದ್ರೂ ಮಾತ್ಗೆ ಬರ ಇಲ್ಲ ನಿಂಗೆ" ಎಂದು ಗೊಣಗುತ್ತಾ ಹೋಗಿ ಕೂತರು. ನಾನು ತೂರಿದೆ. ಹೊಟ್ಟು ಹಾರಿ ಹೋಗಿ ಕಾಲ ಬಳಿ ಕೆಂಪು ಕಾಳು ರಾಶಿಯಾಗುವುದನ್ನು ಎಷ್ಟು ಸಲ ನೋಡಿದ್ದರೂ ಆ ದಿನ ಹೊಸದಾಗಿ ನೋಡಿದೆ.

ಕೆಲಸ ಮುಗಿಸಿ ಬಚ್ಚಲಲ್ಲಿ ಮಾಸ್ಕು ಬಿಚ್ಚಿದಾಗ ಅದರ ಹೊರಮೈ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಒಳಮೈ ಬೆಳ್ಳಗೇ ಇತ್ತು. ಸೋಪು ಹಾಕಿ ಒಗೆದು ತಂತಿಗೆ ಹಾಕಿ, ಸ್ನಾನ ಮಾಡಿ ದೀಪ ಹಚ್ಚಿದೆ.

ಹೋದ ವರ್ಷ ಶುರುವಾಗಿದ್ದು ಈ ಹೊತ್ತಿನಲ್ಲೇ. ಎದೆಗೆ ಕಿವಿಗೊಟ್ಟಂತೆ ಕೂತೆ. ಉಸಿರು ಬಂತು, ಹೋಯಿತು. ಮತ್ತೆ ಬಂತು. ಸಿಳ್ಳೆಯಿಲ್ಲ, ಬಿಗಿತವಿಲ್ಲ. ಯಾರೂ ಕರೆಯದೆ, ಯಾರೂ ಕಳಿಸದೆ ತಾನಾಗಿಯೇ ಬಂದು ಹೋಗುವ ಇದನ್ನು ಇಷ್ಟು ವಯಸ್ಸಾದರೂ ನಾನು ಒಮ್ಮೆಯೂ ಕೂತು ನೋಡಿರಲಿಲ್ಲ. ಹೇಳಿಕೊಳ್ಳಬೇಕಾಗಿದ್ದ ಸ್ತೋತ್ರ ಮರೆತೇಹೋಯಿತು.

ಅತ್ತೆ ಬಾಗಿಲಲ್ಲಿ ನಿಂತು ಗಾಬರಿಯಿಂದ ಕೇಳಿದರು: "ಯಾಕವ್ವ ಸುಮ್ಕಾದೆ? ದಮ್ಮು ಬಂತಾ?"

"ಇಲ್ಲ ಅತ್ತೆ, ಬರ್ಲಿಲ್ಲ. ಅದ್ನೇ ನೋಡ್ತಾ ಕೂತೀನಿ."