ಬಂದವರಿಗೆಂದು ಇಟ್ಟ ನೀರು

ಸುರಪುರದಾಚೆಯ ಸಣ್ಣದೊಂದು ಓಣಿ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಿವಬಸಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೋರಿಂಗಿನ ಕೈಪಂಪು ಹೊಡೆಯುತ್ತಿದ್ದಾರೆ. ನೀರು ದಬದಬನೆ ಬಿದ್ದು ಗಟಾರಕ್ಕೆ ಹರಿಯುತ್ತಿದ್ದರೂ ತಾವು ತಂದ ಬಾಟಲಿಯನ್ನು ಮಾತ್ರ ಅದಕ್ಕೆ ಹಿಡಿಯುತ್ತಿಲ್ಲ. ಕೊಡ ಹಿಡಿದು ನಿಂತವಳೊಬ್ಬಳಿಗೆ ತಾಳ್ಮೆ ಕೆಡುತ್ತದೆ.

"ನೀರು ಹಾಳ್ ಮಾಡಾಕ ಯಾದಗಿರಿಯಿಂದ ಬಂದಿಯೇನವಾ?"

"ಪೈಪಿನ್ಯಾಗ ರಾತ್ರಿ ನಿಂತ ನೀರು ಹೋಗ್ಲಿ ತಡಿ ತಂಗಿ. ನನಗ ನೆಲದಾಗಿನ ನೀರು ಬೇಕು" ಎನ್ನುತ್ತಾರೆ. ತೋಳು ಸೋತ ಮೇಲೆಯೇ ಬಾಟಲಿಯನ್ನು ಅದೇ ನೀರಿನಲ್ಲಿ ತೊಳೆದು, ತುಂಬಿ, ಚೀಟಿ ಅಂಟಿಸುತ್ತಾರೆ.

ಬಾಟಲಿ ತುಂಬಿಕೊಳ್ಳಲು ಊರೂರು ತಿರುಗುವುದು ಅವರ ಕೆಲಸವಲ್ಲ. ಅವರದು ಯಾದಗಿರಿಯ ಪ್ರಯೋಗಾಲಯದೊಳಗಿನ ಕೆಲಸ. ಶಹಾಪುರ, ಸುರಪುರ, ಕಡೇಚೂರು ಕಡೆಯಿಂದ ಬರುವ ನೀರನ್ನು ಅಲ್ಲಿ ಪರೀಕ್ಷೆ ಮಾಡುತ್ತಾರೆ. ರಾಮಸಮುದ್ರದ ಈ ಹೆಣ್ಣುಮಗಳು ಗಂಡ ತೀರಿಕೊಂಡ ಮೇಲೆ ಗಾಜಿನ ಸಾಮಾನು ತೊಳೆಯಲು ಸೇರಿದವರು. ತೊಳೆಯುತ್ತ, ನೋಡುತ್ತ, ಕೇಳುತ್ತ ಪರೀಕ್ಷೆ ಮಾಡುವುದನ್ನು ಕಲಿತರು. ಆಸಿಡ್ ತಾಗಿ ಬಿರಿದ ಬೆರಳು ರೊಟ್ಟಿಯ ಹಿಟ್ಟು ನಾದುವಾಗ ಈಗಲೂ ಉರಿಯುತ್ತದೆ. ಕೆಲಸ ಇನ್ನೂ ಖಾಯಂ ಆಗಿಲ್ಲ. ನೀರು ನೋಡಲು ಸಂಬಳ ಕೊಡುವುದಾದರೆ ನಮ್ಮ ಎಮ್ಮೆಗೂ ಕೊಡಲಿ ಎಂದು ಅತ್ತೆ ನಗುತ್ತಿದ್ದರಂತೆ.

ಆದರೆ ನೋಡಿದರೆ ಕಾಣುವಂಥದ್ದಲ್ಲ, ಅವರು ನೀರಿನಲ್ಲಿ ಹುಡುಕುವ ಆರ್ಸೆನಿಕ್ ಎಂಬ ವಿಷ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನೀರು ಕಾಯಿಸಿದರೂ ಹೋಗುವುದಿಲ್ಲ. ವರ್ಷಗಟ್ಟಲೆ ಕುಡಿದವರ ಅಂಗೈ, ಅಂಗಾಲಿನಲ್ಲಿ ಅದು ನಿಧಾನವಾಗಿ ಗಂಟುಗಳಾಗಿ ಬಾಯಿ ಬಿಡುತ್ತದೆ.

ಈ ಓಣಿಯ ನೀರು ಕಳೆದ ಬೇಸಿಗೆಯಲ್ಲಿ ಪರೀಕ್ಷೆಗೆ ಬಂದಿತ್ತು. ದೋಷವಿಲ್ಲ ಎಂದು ಉತ್ತರವೂ ಹೋಗಿತ್ತು. ಜನ ನೆಮ್ಮದಿಯಿಂದ ಬೋರಿಂಗ್ ನೀರು ಕುಡಿಯುತ್ತಿದ್ದರು. ಆದರೆ ಇಲ್ಲಿಯ ದಾವಲಬೀ ಎಂಬ ಮುದುಕಿಯ ಅಂಗೈಯಲ್ಲಿ ಜೋಳದ ಕಾಳಿನಂಥ ಗಂಟುಗಳು ಎದ್ದಿವೆ ಎಂದು ಆಶಾ ಕಾರ್ಯಕರ್ತೆ ಹೇಳಿದ್ದು ಕಿವಿಗೆ ಬಿದ್ದಾಗ ಶಿವಬಸಮ್ಮನಿಗೆ ಸಮಾಧಾನವಾಗಲಿಲ್ಲ. ನಿನ್ನೆ ರಜೆ ಹಾಕಿ ಬಸ್ಸು ಹತ್ತಿದರು.

ದಾವಲಬೀ ಚಾಪೆ ಹಾಸಿ, ಮೂಲೆಯ ಗಡಿಗೆಯಿಂದ ನೀರು ಕೊಟ್ಟರು. ಅಷ್ಟರಲ್ಲಿ ತುಂಬು ಬಸುರಿ ಸೊಸೆ ಫರ್ಹತ ಒಳಗಿನಿಂದ ಬಂದು, ಬಾಗಿಲ ಬಳಿಯ ಬೇರೊಂದು ಕೊಡದಿಂದ ಬಗ್ಗಿಸಿಕೊಂಡು ಕುಡಿದಳು. ಎರಡು ಕಡೆ ನೀರು ಯಾಕೆ ಎಂದು ಶಿವಬಸಮ್ಮ ಕೇಳಿದರು.

"ಮೂಲ್ಯಾಗಿಂದು ಫಿಲ್ಟರ್ ನೀರು, ಬಂದವರಿಗಂತ ತಂದಿಡೋದು ಬೇಟಿ. ನಮಗ ಬೋರಿಂಗಿಂದು ನಡೀತದ."

"ಪರೀಕ್ಷಾಕ್ಕ ಯಾವುದು ಕೊಟ್ಟಿದ್ರಿ ಖಾಲಾ?"

ಮುದುಕಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಬಾಗಿಲಿಗೆ ಬಂದು ಕುಡಿಯೋ ನೀರು ಕೊಡ್ರಿ ಅಂದ್ರು. ಬಂದವರಿಗೆ ಸವಳು ನೀರು ಹೆಂಗ ಕೊಡ್ಲಿ?"

ಶಿವಬಸಮ್ಮ ಗಿಲಾಸನ್ನು ಮೆಲ್ಲಗೆ ಕೆಳಗಿಟ್ಟರು. ಅಂದು ಪರೀಕ್ಷೆಯಾದದ್ದು ಅತಿಥಿಗಳ ನೀರು, ಮನೆಯವರದಲ್ಲ. ಈ ಬೆಳಗ್ಗೆ ಶಿವಬಸಮ್ಮ ತಾವೇ ನಿಂತು ಬೋರಿಂಗ್ ಹೊಡೆಯುತ್ತಿರುವುದು ಅದಕ್ಕೇ.

ಮಧ್ಯಾಹ್ನ ಯಾದಗಿರಿಯಲ್ಲಿ ಆ ನೀರಿಗೆ ಪುಡಿ ಬೆರೆಸಿ, ಸೀಸೆಯ ಬಾಯಿಗೆ ಬಿಳಿ ಕಾಗದದ ಪಟ್ಟಿ ಸಿಕ್ಕಿಸಿ ಕಾಯುತ್ತಾರೆ. ಪಟ್ಟಿ ಬೆಳ್ಳಗೇ ಉಳಿದರೆ ಭಯವಿಲ್ಲ. ಆದರೆ ಅದು ಮೊದಲು ಹಳದಿಗೆ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಇನ್ನೊಂದು ಪಟ್ಟಿ ಹಾಕಿದರೂ ಅದೇ ಬಣ್ಣ. ಮೇಲಧಿಕಾರಿ ಬಸಲಿಂಗ ಅವರು ನೀರನ್ನು ಯಂತ್ರಕ್ಕೆ ಹಾಕಿ ನೋಡಿ, ಕೂಡಲೇ ಪಂಚಾಯಿತಿಗೆ ಫೋನು ಹಚ್ಚುತ್ತಾರೆ.

ಮರುದಿನ ಬೋರಿಂಗಿನ ಹಿಡಿಕೆ ಬಿಚ್ಚಿ, ಇದರ ನೀರು ಕುಡಿಯಬಾರದೆಂದು ಕಂಬಕ್ಕೆ ಕೆಂಪು ಬಣ್ಣ ಬಳಿಯುವಾಗ ಶಿವಬಸಮ್ಮನೂ ಅಲ್ಲಿದ್ದಾರೆ. ಸುದ್ದಿ ತಿಳಿಸುವ ಕೆಲಸ ಬೇರೆಯವರಿಗೆ ಬಿಡಲು ಅವರಿಗೆ ಮನಸ್ಸಾಗಿಲ್ಲ. ದಾವಲಬೀ ತಮ್ಮ ಅಂಗೈಯನ್ನಲ್ಲ, ಸೊಸೆಯ ಹೊಟ್ಟೆಯನ್ನು ನೋಡುತ್ತಾರೆ.

"ಇದ್ದುದರಾಗ ಚಲೋದು ಕೊಟ್ಟಿದ್ದೆ ಬೇಟಿ."

"ಗೊತ್ತದ ಖಾಲಾ."

ಕೂಸಿಗೆ ಏನಾದರೂ ಆದೀತೇ ಎಂದು ಫರ್ಹತ ಕೇಳುತ್ತಾಳೆ. ಅದನ್ನು ಹೇಳುವ ಕಾಗದದ ಪಟ್ಟಿ ಶಿವಬಸಮ್ಮನ ಬಳಿಯಿಲ್ಲ. ಡಾಕ್ಟರ್ ಹತ್ತಿರ ತಾವೇ ಕರೆದೊಯ್ಯುವುದಾಗಿ ಹೇಳಿ, ಬಾಗಿಲ ಬಳಿಯ ಕೊಡವನ್ನೆತ್ತಿ ನೀರನ್ನು ಅಂಗಳಕ್ಕೆ ಚೆಲ್ಲುತ್ತಾರೆ.

ಓಣಿಗೆ ಈಗ ಟ್ಯಾಂಕರ್ ಬರುತ್ತಿದೆ. ಪ್ರಯೋಗಾಲಯದಲ್ಲಿ ಯಾರಾದರೂ ನಿಮಗೇನು ಬೇಕು ಎಂದು ಕೇಳಿದರೆ ಶಿವಬಸಮ್ಮ ಖಾಯಂ ನೌಕರಿಯ ಮಾತು ಎತ್ತುವುದಿಲ್ಲ. ಗಾಜಿನ ಸೀಸೆ ಒರೆಸುತ್ತಲೇ ಹೇಳುತ್ತಾರೆ:

"ಇನ್ನೊಮ್ಮಿ ಹೋದಾಗ ಆ ಮನ್ಯಾಗ ನನಗಂತ ಬ್ಯಾರೆ ಗಡಿಗಿ ಇರಬಾರ್ದ್ರಿ. ಫರ್ಹತ ಕುಡಿಯೋದ್ರಾಗಿಂದ ನನಗೂ ಒಂದ್ ಗಿಲಾಸ ಕೊಡ್ಲಿ, ಸಾಕು."