ತಂತಿಯಿಲ್ಲದ ಕೀಬೋರ್ಡೂ ಬಾಳಾಸಾಬನ ಸೆಲ್ಲೂ

ನಾನು ಅಕ್ಷರಗಳನ್ನು ಉಲ್ಟಾ ಓದಬಲ್ಲೆ. ಇದು ಬಡಾಯಿಯಲ್ಲ, ಕಸುಬು. ಆರನೆಯ ಇಯತ್ತೆಗೆ ಸಾಲಿ ಬಿಟ್ಟು ನಿಪ್ಪಾಣಿಯ ಛಾಪಖಾನೆಯೊಂದರಲ್ಲಿ ಸೀಸದ ಅಚ್ಚುಮೊಳೆ ಜೋಡಿಸಲು ನಿಂತವನಿಗೆ, ಕನ್ನಡವಾಗಲಿ ಮರಾಠಿಯಾಗಲಿ, ತಿರುಗಿ ಕೂತ ಅಕ್ಷರವೇ ಸರಿಯಾದ ಅಕ್ಷರ. ಮುಂದೆ ಅಲ್ಲೇ ಸ್ವಂತ ಛಾಪಖಾನೆ ಹಾಕಿದೆ. ಚಿಕ್ಕೋಡಿಯಿಂದ ಕಾಗವಾಡದವರೆಗೆ ನನ್ನ ಲಗ್ನಪತ್ರಿಕೆ ಹೋಗದ ಊರಿಲ್ಲ. ಆದರೆ ಉಲ್ಟಾ ಓದುವ ಚಟ ಮೊಳೆಗಳಿಗಷ್ಟೇ ನಿಂತಿಲ್ಲ ಎಂಬುದನ್ನು ಒಂದು ಕೀಬೋರ್ಡಿನಿಂದ ಕಲಿಯಬೇಕಾಯಿತು.

ತೊಂಬತ್ತರ ದಶಕದ ಕೊನೆಗೆ ಮೊಳೆಗಳನ್ನೆಲ್ಲ ತೂಕಕ್ಕೆ ಹಾಕಿ ಕಂಪ್ಯೂಟರ್ ತಂದೆ. ಹೆಂಡತಿಯ ತಮ್ಮ ಪುಣೆಯಿಂದ ತಂತಿಯೇ ಇಲ್ಲದ ಕೀಬೋರ್ಡು ತಂದುಕೊಟ್ಟ. ಅದರ ಹೊಟ್ಟೆಯಲ್ಲಿ ಎರಡು ಪೆನ್ಸಿಲ್ ಸೆಲ್, ಅಷ್ಟೇ. ತೊಡೆಯ ಮೇಲಿಟ್ಟು ಟೈಪು ಮಾಡುತ್ತಿದ್ದರೆ, ಬೇಡಕಿಹಾಳದಿಂದ ಪತ್ರಿಕೆ ಮಾಡಿಸಲು ಬಂದ ಹಿರಿಯರು ಮೇಜಿನ ಕೆಳಗೆ ಬಗ್ಗಿ ನೋಡುತ್ತಿದ್ದರು. "ತಂತಿ ಎಲ್ಲಿ ಮುಚ್ಚಿಟ್ಟೀರಿ, ಮಾಲಕ್ರ?" ನಾನು ಇನ್ನಷ್ಟು ಜೋರಾಗಿ ಗುಂಡಿ ಕುಟ್ಟುತ್ತಿದ್ದೆ.

ಸೆಲ್ಲು ಮೂರು ತಿಂಗಳು ಬಾಳುತ್ತವೆ ಎಂದಿದ್ದ ಮೈದುನ. ನನ್ನವು ಐದೇ ದಿನಕ್ಕೆ ಮುಗಿಯುತ್ತಿದ್ದವು. ವರನ ಹೆಸರು ಅರ್ಧಕ್ಕೇ ನಿಂತುಬಿಡುತ್ತಿತ್ತು. ಟಾರ್ಚಿನ ಸೆಲ್ಲಿಗೆ ಮಾಡಿದಂತೆ ಮಾಳಿಗೆಯ ಮೇಲೆ ಬಿಸಿಲಿಗಿಟ್ಟೆ. ಒಳಗಿನ ಪಟ್ಟಿಯನ್ನು ಪಾಲೀಶ್ ಕಾಗದದಿಂದ ತಿಕ್ಕಿದೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದೆ. ಮೊದಲಿನ ಟ್ರೆಡಲ್ ಮಷೀನಿಗೆ ಈ ಕಾಟವಿರಲಿಲ್ಲ. ಕಾಲಿನಿಂದ ತುಳಿಯಬೇಕು, ಅದರ ಸೆಲ್ಲು ನನ್ನ ಮೊಣಕಾಲು. ಅದು ಸೋತರೆ ಯಾರ ಮೇಲೆ ಅನುಮಾನ ಪಡಬೇಕು ಎಂಬ ಪ್ರಶ್ನೆಯೇ ಬರುತ್ತಿರಲಿಲ್ಲ.

ಈಗ ಅನುಮಾನಕ್ಕೊಬ್ಬ ಸಿಕ್ಕ. ಪಕ್ಕದ ರೇಡಿಯೋ ರಿಪೇರಿ ಅಂಗಡಿಯ ಬಾಳಾಸಾಬ. ಸೆಲ್ಲು ಕೊಟ್ಟವನು ಅವನೇ. ಹದಿನೈದು ವರ್ಷ ನಾವಿಬ್ಬರೂ ದಿನಾ ಮುಂಜಾನೆ ಒಂದೇ ಚಹಾ ತರಿಸಿ ಹಂಚಿಕೊಂಡವರು. ಕಪ್ಪಿನಲ್ಲಿ ಉಳಿದದ್ದು ನನಗೆ, ಬಶಿಗೆ ಸುರಿದದ್ದು ಅವನಿಗೆ. ನಾನು ದೊಡ್ಡವನೆಂದು ಹಾಗೆ ರೂಢಿಯಾಗಿತ್ತು. ಇಂಥವನಿಗೆ ನಾಲ್ಕು ಗಿರಾಕಿಗಳ ಎದುರು ಕೇಳಿದೆ: "ಯಾಕಲೇ, ಮುಗಿದ ಸೆಲ್ಲಿಗೆ ಹೊಸಾ ಕಾಗದ ಸುತ್ತಿ ಮಾರಾಕತ್ತೀಯೇನು?"

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ಅಣ್ಣಾ, ಸೆಲ್ ಹಳೇವು ಅನ್ನು, ತಡಕೋತೇನಿ. ಕಳ್ಳ ಅನಬ್ಯಾಡ."

ಮರುದಿನದಿಂದ ಚಹಾ ನಿಂತಿತು. ಅಂದರೆ ಹಂಚಿಕೊಳ್ಳುವುದು ನಿಂತಿತು, ನನ್ನದು ಬರುತ್ತಲೇ ಇತ್ತು. ಇಡೀ ಕಪ್ಪು, ಬಶಿ ಸಮೇತ. ಅರ್ಧ ಕುಡಿಯುವಷ್ಟರಲ್ಲಿ ಬೇಡವೆನಿಸುತ್ತಿತ್ತು. ಪೇಟೆಯ ಇನ್ನೊಂದು ಅಂಗಡಿಯಿಂದ ಸೆಲ್ಲು ತಂದೆ. ಅವೂ ಐದೇ ದಿನಕ್ಕೆ ಸತ್ತವು. ಬೇರೆ ಯಾರಾದರೂ ಆಗಿದ್ದರೆ ಆವತ್ತೇ ತಪ್ಪಾಯಿತೆನ್ನಲು ಬಾಳಾಸಾಬನ ಕಟ್ಟೆ ಹತ್ತುತ್ತಿದ್ದರು. ಆ ಅಂಗಡಿಯವನೂ ಬಾಳಾಸಾಬನ ಹತ್ತಿರವೇ ಸೆಲ್ಲು ತಂದಿರಬೇಕು ಎಂದು ನಾನು ತೀರ್ಮಾನಿಸಿದೆ. ಉಲ್ಟಾ ಓದುವುದೆಂದರೆ ಇದೇ.

ಹೀಗೆ ಎರಡು ತಿಂಗಳು. ಗೋಡೆಯಾಚೆ ಅವನ ರೇಡಿಯೋ ಕೆಮ್ಮುವುದು ಕೇಳುತ್ತಿತ್ತು, ಅವನ ಮಾತು ಕೇಳುತ್ತಿರಲಿಲ್ಲ.

ನಮ್ಮೂರಿನ ಗಾಳಿಯಲ್ಲಿ ತಂಬಾಕಿನ ಧೂಳು ಇದ್ದದ್ದೇ. ಅದಕ್ಕೆಂದೇ ಸಂಜೆ ಕಂಪ್ಯೂಟರ್ ಬಂದ್ ಮಾಡಿ ಕೀಬೋರ್ಡಿನ ಮೇಲೆ ಒಂದು ಬಟ್ಟೆ ಹೊದಿಸುತ್ತಿದ್ದೆ. ಬಟ್ಟೆ ಹಾರಬಾರದೆಂದು ಅದರ ಮೇಲೆ ನನ್ನ ಹಳೆಯ ಸ್ಟಿಕ್ಕು. ಸ್ಟಿಕ್ಕೆಂದರೆ ಮೊಳೆ ಜೋಡಿಸುವ ಕಬ್ಬಿಣದ ಚೌಕಟ್ಟು. ಅಂಗೈಯಲ್ಲಿ ಹಿಡಿದು ಸಾಲು ಕಟ್ಟುವುದು. ಮಾರದೆ ಉಳಿಸಿಕೊಂಡ ಒಂದೇ ಸಾಮಾನು. ಅದರಲ್ಲಿ ನನ್ನ ಹೆಸರಿನ ಮೊಳೆ ಇನ್ನೂ ಹಾಗೇ ಇದ್ದವು. ದಿನಾ ಅದನ್ನು ಕಣ್ಣಿಗೊತ್ತಿಕೊಂಡು, ಹೊಸ ಯಂತ್ರದ ಮೇಲೆ ಹಳೆಯದನ್ನು ಕೂರಿಸಿ ಬಾಗಿಲು ಹಾಕುವುದು ನನ್ನ ಪೂಜೆ.

ಒಂದು ಸಲ ಹೆಂಡತಿ ಆ ಬಟ್ಟೆಯನ್ನು ತೊಳೆಯಲು ಒಯ್ದಳು. "ಏನ್ರೀ ಇದು, ಅರಿವಿಯೋ ತಂಬಾಕಿನ ಚೀಲೋ? ಅಂಚು ಹೊಲದು ಕೊಡ್ತೇನಿ" ಅಂದವಳು ಇಪ್ಪತ್ತು ದಿನ ಮರೆತಳು. ಬಟ್ಟೆಯಿಲ್ಲದ್ದಕ್ಕೆ ಸ್ಟಿಕ್ಕು ಗೋಡೆಯ ಹಲಗೆಯ ಮೇಲೇ ಕೂತಿತು. ಸೆಲ್ಲು ಇಪ್ಪತ್ತು ದಿನವೂ ಗಟ್ಟಿಯಾಗಿ ನಡೆದವು. ನಾನು ಅದನ್ನೂ ಗಮನಿಸಲಿಲ್ಲ.

ಬಟ್ಟೆ ಬಂದ ದಿನ, ಕಂಪ್ಯೂಟರ್ ಬಂದ್ ಮಾಡುವ ಮೊದಲೇ ಹೊದಿಸಿ ಸ್ಟಿಕ್ಕು ಇಟ್ಟೆ. ಪರದೆಯ ಮೇಲೆ ಒಂದೇ ಅಕ್ಷರ ಇರುವೆ ಸಾಲಿನಂತೆ ಓಡತೊಡಗಿತು. ಸ್ಟಿಕ್ಕು ಎತ್ತಿದೆ, ನಿಂತಿತು. ಇಟ್ಟೆ, ಓಡಿತು.

ಬೂತಿಗೆ ಹೋಗಿ ಪುಣೆಗೆ ಫೋನು ಹಚ್ಚಿದೆ. ಮೈದುನ ನಕ್ಕ. "ದಾಜೀ, ಗುಂಡಿ ಒತ್ತಿ ಹಿಡದಷ್ಟು ಹೊತ್ತೂ ಅದು ಸೆಲ್ ತಿನಕೋತ ಒದರತೈತಿ. ಕೇಳವ್ರು ಇರಲಿ, ಬಿಡಲಿ."

ಅಂದರೆ ಬಟ್ಟೆ ಹೊದಿಸಿದ ಅಷ್ಟೂ ರಾತ್ರಿ ನನ್ನ ಹೆಸರು ಹೊತ್ತ ಸೀಸದ ಸಾಲು ಮಲಗಿದ ಕಂಪ್ಯೂಟರನ್ನು ಕೂಗುತ್ತಲೇ ಇತ್ತು! ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಯಂತ್ರ ಕೆಟ್ಟಿರಲಿಲ್ಲ, ಸೆಲ್ಲು ಕೆಟ್ಟಿರಲಿಲ್ಲ. ಅದಕ್ಕಿಂತ ದೊಡ್ಡದು, ಬಾಳಾಸಾಬ ಕೆಟ್ಟಿರಲಿಲ್ಲ.

ಮರುದಿನ ಮುಂಜಾನೆ ಚಹಾದ ಜೊತೆ ಅವನ ಕಟ್ಟೆ ಹತ್ತಿದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವರ ಎದುರೇ ಅಂದೆ: "ಬಾಳಾಸಾಬ, ಕಳ್ಳ ಸಿಕ್ಕಾನ. ನಮ್ಮ ಸ್ಟಿಕ್ಕು. ನಿನಗ ಅಂದದ್ದು ನನ್ನ ತಪ್ಪು."

ಪೂರಾ ಕಥೆ ಕೇಳಿ ಅವನು ರೇಡಿಯೋ ಬಂದ್ ಮಾಡಿದ. "ಸೆಲ್ ಬಿಸಲಿಗಿಡೂ ಬದಲಿ ನಿನ್ನ ತಲೀನ ಇಡಬೇಕಿತ್ತ ನೋಡಣ್ಣಾ" ಎಂದು ಎಂದಿನಂತೆ ಬಶಿಗೆ ಕೈ ಚಾಚಿದ.

ನಾನು ಕಪ್ಪನ್ನು ಅವನ ಕಡೆ ಸರಿಸಿ ಬಶಿ ಎತ್ತಿಕೊಂಡೆ. ಬಶಿಯ ಚಹಾ ನಾಲಿಗೆ ಸುಡುವುದಿಲ್ಲ ಎಂಬುದು ಹದಿನೈದು ವರ್ಷದಲ್ಲಿ ನನಗೆ ಆವತ್ತೇ ಗೊತ್ತಾಯಿತು.